ಹಳೇ ಕ್ಲಾಸ್ 37 ಪಾಯಿಂಟ್ ಮೇಲೆ ನಿಂತುಬಿಡುತ್ತೆ, ಡಿಸಿಸಿ ಹಾಕಿದ್ರೆ ಸರಿಹೋಗುತ್ತಾ?

ಹಳಿಬದಿ:
ನಮಸ್ಕಾರ. ಓಓ ಸ್ಕೇಲಿನ (ನಿಜದ್ದರ 76ರಲ್ಲಿ ಒಂದು ಭಾಗ ಗಾತ್ರದ) ಸೆಕೆಂಡ್ ಹ್ಯಾಂಡ್ ಕ್ಲಾಸ್ 37 ಒಂದಿದೆ, ಬ್ರಿಟಿಷ್ ಡೀಸೆಲ್ ಎಂಜಿನ್ನಿನ ಮಾಡೆಲ್, 80ರ ದಶಕದ್ದು. ಒಂದು ಬೋಗಿಯೊಳಗೇ (ಇಲ್ಲಿ ಬೋಗಿ ಅಂದರೆ ಎಂಜಿನ್ ತಳದ ಚಕ್ರಗಳ ಚೌಕಟ್ಟು) ಚಪ್ಪಟೆಯಾದ ಪ್ಯಾನ್‌ಕೇಕ್ ಮೋಟಾರ್, ಇನ್ನೊಂದು ಬೋಗಿ ಸುಮ್ಮನೆ ಉರುಳುತ್ತೆ. ವೇಗವಾಗಿ ಬಿಟ್ಟರೆ ತೊಂದರೆ ಇಲ್ಲ. ನಿಧಾನಕ್ಕೆ ಬಿಟ್ಟರೆ ಪಾಯಿಂಟಿನ (ಹಳಿ ಕವಲೊಡೆಯೋ ಜಾಗ) ಪ್ಲಾಸ್ಟಿಕ್ ಫ್ರಾಗ್ (ಹಳಿಗಳು ಒಂದನ್ನೊಂದು ದಾಟೋ, ಕರೆಂಟಿಲ್ಲದ ತುಂಡು) ಮೇಲೆ ನಿಂತುಬಿಡುತ್ತೆ, ಬೆರಳಲ್ಲಿ ತಳ್ಳಿದರೆ ಹೊರಡುತ್ತೆ. ಎತ್ತರ ಕಡಿಮೆಯಿರೋ ಕೋಡ್ 75 ಹಳಿ ಮೇಲೆ ಟಿಕ್ ಟಿಕ್ ಸದ್ದು ಬೇರೆ. ಡಿಸಿಸಿಗೆ (ಡಿಜಿಟಲ್ ನಿಯಂತ್ರಣ) ಬೇಕಾದ ಡಿಕೋಡರ್ ಎಂಜಿನ್ನೊಳಗೆ ಹಾಕಿದರೆ ನಿಧಾನ ಓಟ ಸುಧಾರಿಸುತ್ತಾ? ಇನ್ನೊಂದು ಪ್ರಶ್ನೆ: 1977ರ ಹೊತ್ತಿನ ಬ್ರಿಟಿಷ್ ರೈಲ್ ನೀಲಿಯಲ್ಲಿ ಸೌತ್ ವೇಲ್ಸ್ ಎಂಜಿನ್ ಮಾಡಬೇಕು ಅಂತಿದೆ. ಮೂಗಿನ ಮೇಲೆ ರೈಲಿನ ಗುರುತು ಸಂಖ್ಯೆ ತೋರಿಸೋ ಹೆಡ್‌ಕೋಡ್ ಪೆಟ್ಟಿಗೆ ಎರಡಾಗಿ ಬೇರೆಬೇರೆ ಇದೆ. ಕೈಯಲ್ಲಿರೋ, ನಂಬರ್ ಅಂಟಿಸೋ ಟ್ರಾನ್ಸ್‌ಫರ್ ಹಾಳೆಯಲ್ಲಿ 37283 ಇದೆ, ಹಾಕಬಹುದಾ?

ಬೆಸುಗೆಮೇಷ್ಟ್ರು:
ಡಿಕೋಡರ್ ಹಾಕಿದ್ರೆ ಇನ್ನೂ ಕೆಡುತ್ತೆ ಸರ್. ಕರೆಂಟ್ ಕ್ಷಣಕಾಲ ತಪ್ಪಿದರೂ ಅದರೊಳಗಿನ ಚಿಪ್ ಮೊದಲಿಂದ ಶುರುವಾಗುತ್ತೆ, ಗಾಡಿ ಜರ್ಕ್ ಹೊಡೆಯುತ್ತೆ. ಮೊದಲು ಪಿಕಪ್ (ಹಳಿಯಿಂದ ಕರೆಂಟ್ ತಗೊಳ್ಳೋ ಭಾಗ) ನೋಡಿ.

ಈ ಥರದ ಹಳೇ ಮಾಡೆಲ್‌ಗಳಲ್ಲಿ ಮೋಟಾರ್ ಬೋಗಿ ಒಂದು ಹಳಿಯಿಂದ, ಇನ್ನೊಂದು ಬೋಗಿ ಎದುರು ಹಳಿಯಿಂದ ಮಾತ್ರ ಕರೆಂಟ್ ತಗೊಳ್ಳೋದು ಸಾಮಾನ್ಯ. ಅಂದರೆ ಹನ್ನೆರಡು ಚಕ್ರದಲ್ಲಿ ಕೆಲಸಕ್ಕೆ ಬರೋದು ಹೆಚ್ಚೆಂದರೆ ಆರು. ಒಂದು ಕಡೆಯ ಮೂರರಲ್ಲಿ ಒಂದು ಫ್ರಾಗ್ ಮೇಲೆ, ಇನ್ನೊಂದು ಹಳಿಯ ಉಬ್ಬುತಗ್ಗಿಗೆ ಕೂದಲೆಳೆಯಷ್ಟು ಎದ್ದಿದ್ದರೆ ಮುಗೀತು.

ಪರಿಹಾರ: ತಾಮ್ರ ಹೊದಿಸಿದ ಸರ್ಕಿಟ್ ಬೋರ್ಡಿನ ಸಣ್ಣ ಪಟ್ಟಿ ಕತ್ತರಿಸಿ ಉರುಳುವ ಬೋಗಿಯ ತಳಕ್ಕೆ ಸೂಪರ್ ಗ್ಲೂನಲ್ಲಿ ಅಂಟಿಸಿ. ಅದಕ್ಕೆ ಸುಮಾರು 0.3 ಮಿ.ಮೀ. ಫಾಸ್ಫರ್ ಬ್ರಾಂಜ್ ತಂತಿ ಬೆಸೆದು, ತುದಿ ಚಕ್ರದ ಹಿಂಬದಿಯ ಲೋಹಕ್ಕೆ ತಾಗೋ ಹಾಗೆ ಬಗ್ಗಿಸಿ. ಈಗ ಕರೆಂಟ್ ತಗೊಳ್ಳದಿರೋ ಬದಿಯಲ್ಲಿ ಚಕ್ರ ಆಕ್ಸಲ್‌ನಿಂದ ಪ್ಲಾಸ್ಟಿಕ್ ಬುಶ್‌ನಲ್ಲಿ ಬೇರೆಯಾಗಿರುತ್ತೆ, ಆದರೆ ಚಕ್ರ ಮಾತ್ರ ಲೋಹವೇ, ಅಲ್ಲೇ ತಂತಿ ತಾಗಿಸಬೇಕು. ಅಲ್ಲಿಂದ ಮೆದು ವೈರ್ ಎಳೆದು, ಅದೇ ಹಳಿಯಿಂದ ಕರೆಂಟ್ ಕೊಡೋ ಮೋಟಾರ್ ಬೋಗಿಯ ವೈರಿಗೆ ಸೇರಿಸಿ. ರಬ್ಬರ್ ಟೈರ್ ಇರೋ ಚಕ್ರಕ್ಕೆ ತಂತಿ ಹಾಕಿ ಪ್ರಯೋಜನವಿಲ್ಲ, ಹಳಿಗೆ ತಾಗೋದೇ ರಬ್ಬರ್. ಒತ್ತಡ ಹೆಚ್ಚಾದರೆ ಚಕ್ರ ಉರುಳದೆ ಜಾರುತ್ತೆ; ಬೋಗಿಯನ್ನು ಗಾಜಿನ ಮೇಲೆ ಬೆರಳಲ್ಲಿ ತಳ್ಳಿ ನೋಡಿದರೆ ಗೊತ್ತಾಗುತ್ತೆ.

ಟಿಕ್ ಟಿಕ್ ಅನ್ನೋದು ಫ್ಲ್ಯಾಂಜ್, ಅಂದರೆ ಚಕ್ರದ ಒಳಬದಿಯ ಅಂಚು. ಹಳೇ ಚಕ್ರಗಳ ಅಂಚು ಆಳ, ಕೋಡ್ 75 ಹಳಿಯ ಎತ್ತರ 1.9 ಮಿ.ಮೀ. ಅಷ್ಟೇ, ಅಂಚು ಹಳಿ ಹಿಡಿದಿರೋ ಚೇರ್‌ಗಳಿಗೆ ಬಡಿಯುತ್ತೆ. ಕೋಡ್ 100ರಲ್ಲಿ 2.54 ಇರೋದರಿಂದ ತಾಗಲ್ಲ. ಚಕ್ರ ಬದಲಾಯಿಸೋದೇ ದಾರಿ: 15 ಮಿ.ಮೀ. ವ್ಯಾಸ, ಎರಡು ಚಕ್ರಗಳ ಒಳಮೈ ನಡುವೆ 14.4ರಿಂದ 14.5 ಮಿ.ಮೀ.

ಕೋಕೋ:
ಮೇಷ್ಟ್ರು ಹೇಳಿದ್ದು ಮುಗಿದ ಮೇಲೂ ಡಿಕೋಡರ್ ಬೇಕು ಅಂತಿದ್ದರೆ, ಮೊದಲು ಮೋಟಾರ್ ಬಿಚ್ಚಿ. ಕಮ್ಯುಟೇಟರ್ (ಬ್ರಷ್‌ಗೆ ತಾಗಿ ತಿರುಗೋ ತಾಮ್ರದ ಭಾಗ) ಸಂದಿಯಲ್ಲಿ ಎಣ್ಣೆ ಮತ್ತು ಇಂಗಾಲದ ಪುಡಿ ಸೇರಿ ಕಪ್ಪು ಅಂಟು ಆಗಿರುತ್ತೆ. ಟೂತ್‌ಪಿಕ್‌ನಲ್ಲಿ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ. ಎಣ್ಣೆ ಸೂಜಿ ತುದಿಯಷ್ಟು, ಬೇರಿಂಗಿಗೆ ಮಾತ್ರ.

ಆಮೇಲೆ 12 ವೋಲ್ಟ್ ಡಿಸಿ ಕೊಟ್ಟು, ಮಲ್ಟಿಮೀಟರ್ 10 ಆಂಪ್ ರೇಂಜಿನಲ್ಲಿಟ್ಟು, ಚಕ್ರವನ್ನು ಒಂದೆರಡು ಸೆಕೆಂಡ್ ಹಿಡಿದು ನಿಲ್ಲಿಸಿ. ಬರೋ ಅಂಕಿ ಡಿಕೋಡರಿನ ಮಿತಿಗಿಂತ ಕೆಳಗಿರಬೇಕು. ಒಂದು ಆಂಪ್ ದಾಟಿದರೆ ಆ ಮೋಟಾರಿಗೆ ದುಡ್ಡು ಸುರಿಯಬೇಡಿ. ಸಿಡಿ ಪ್ಲೇಯರಿನ ಪುಟ್ಟ ಮೋಟಾರ್ ಕೂರಿಸೋದು ಇಂಗ್ಲೆಂಡಿನ ಮಾಡೆಲಿಗರು ಬಹಳ ಮಾಡೋ ಕೆಲಸ, ಕರೆಂಟೂ ಕಡಿಮೆ ಎಳೆಯುತ್ತೆ.

ಡಿಕೋಡರ್ ಸುಡೋದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಒಂದು ಬ್ರಷ್ (ಮೋಟಾರಿಗೆ ಕರೆಂಟ್ ದಾಟಿಸೋ ಇಂಗಾಲದ ತುಂಡು) ಮೋಟಾರಿನ ಲೋಹದ ಚೌಕಟ್ಟಿಗೆ, ಅದರಿಂದ ಹಳಿಗೆ ಕೂಡಿಕೊಂಡೇ ಇರುತ್ತೆ. ಬ್ರಷ್ ಒತ್ತೋ ಸ್ಪ್ರಿಂಗ್ ಕಡ್ಡಿಗಳಲ್ಲಿ ಒಂದಕ್ಕೆ ಕರೆಂಟ್ ತಡೆಯೋ ಕೊಳವೆ ಹಾಕಿರುತ್ತಾರೆ, ಇನ್ನೊಂದು ಬರಿಯದು. ಬರಿಯದಕ್ಕೂ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗೋ ಕೊಳವೆ) ಏರಿಸಿ. ಬ್ರಷ್‌ಗಳ ನಡುವಿನ ಕೆಪಾಸಿಟರ್ ತೆಗೆದುಬಿಡಿ. ನಿಮ್ಮ ಮೋಟಾರಿನಲ್ಲಿ ಜೋಡಣೆ ಬೇರೆ ಥರ ಇದ್ದರೂ ಪರೀಕ್ಷೆ ಒಂದೇ: ಎರಡೂ ಬ್ರಷ್‌ಗಳಿಂದ ಯಾವ ಚಕ್ರಕ್ಕೂ ಮೀಟರ್ ಬೀಪ್ ಅನ್ನಬಾರದು. ಆಮೇಲೆ ಕಿತ್ತಳೆ ಮತ್ತು ಬೂದು ವೈರ್ ಮೋಟಾರಿಗೆ, ಕೆಂಪು ಮತ್ತು ಕಪ್ಪು ಪಿಕಪ್‌ಗೆ. ಮೊದಲ ಸಲ ಪ್ರೋಗ್ರಾಮಿಂಗ್ ಹಳಿ (ಡಿಕೋಡರ್ ಸೆಟ್ಟಿಂಗ್ ಬದಲಿಸೋ ಬೇರೆ ಹಳಿ) ಮೇಲಿಟ್ಟು ಸಿವಿ 1 ಓದಿಸಿ; ಸಿವಿ ಅಂದರೆ ಡಿಕೋಡರಿನ ಒಂದೊಂದು ಸೆಟ್ಟಿಂಗ್, 1 ಅದರ ವಿಳಾಸ. ಅಲ್ಲಿ ಕರೆಂಟಿಗೆ ಮಿತಿ ಇರುತ್ತೆ, ವೈರಿಂಗ್ ತಪ್ಪಿದ್ದರೂ ಡಿಕೋಡರ್ ಉಳಿಯೋ ಸಾಧ್ಯತೆ ಹೆಚ್ಚು.

ನೀಲಿಹಳದಿ:
37283 ಬೇಡ. ಈ ಕ್ಲಾಸಿನ 309 ಎಂಜಿನ್‌ಗಳಲ್ಲಿ, ಹಳೇ ನಂಬರ್ ಪ್ರಕಾರ, ಡಿ6700ರಿಂದ ಡಿ6818ರವರೆಗೆ ಎರಡಾಗಿ ಒಡೆದ ಪೆಟ್ಟಿಗೆ, ಡಿ6819ರಿಂದ ಮುಂದೆ ನಡುವೆ ಒಂದೇ ಪೆಟ್ಟಿಗೆ. ಹೊಸ ನಂಬರ್ ಕೊಡುವಾಗ ಡಿ6700ಗೆ 37119 ಬಂತು. ಹಾಗಾಗಿ ಡಿ6819ಗೆ ಆ ಜಾಗ ಸಿಗದೆ, ಅಪಘಾತದಲ್ಲಿ ಹೋದ ಡಿ6983ರ ಖಾಲಿ ನಂಬರ್ 37283 ಸಿಕ್ಕಿತು. ಅದು ನಡುಪೆಟ್ಟಿಗೆಯದು. ನಿಮ್ಮ ಮಾಡೆಲಿಗೆ 37001ರಿಂದ 37119ರ ಒಳಗೆ ಆರಿಸಿ. ಸೌತ್ ವೇಲ್ಸಿಗೆ ಹೊಸದಾಗಿ ಹೋದವು ಬಹುಪಾಲು ನಡುಪೆಟ್ಟಿಗೆಯವೇ, ಒಡೆದ ಪೆಟ್ಟಿಗೆಯವು ಈಸ್ಟರ್ನ್ ರೀಜನ್ ಕಡೆ. ಆ ರೀಜನ್ನಿನ, ಲಂಡನ್ನಿನ ಸ್ಟ್ರಾಟ್‌ಫರ್ಡ್ ಡಿಪೋ ಎಂಜಿನ್ ಮಾಡೋದು ಸಲೀಸು. ಎಂಜಿನ್‌ಗಳು ಡಿಪೋ ಬದಲಾಯಿಸ್ತಾ ಇರ್ತಿದ್ದವು, ಆದ್ದರಿಂದ ಆ ನಂಬರಿನ, ಆ ವರ್ಷದ ಫೋಟೋ ಇಲ್ಲದೆ ಪೇಂಟ್ ಡಬ್ಬಿ ತೆರೆಯಬೇಡಿ.

1977 ಅಂದರೆ ಹೆಡ್‌ಕೋಡ್‌ನಲ್ಲಿ 1ಎ23 ಥರದ್ದು ಬರಬಾರದು, 1976ರ ಜನವರಿಯಲ್ಲೇ ತೋರಿಸೋದು ನಿಂತಿತ್ತು. 0000 ಹಾಕಿ, ಇಲ್ಲವೇ ಕಪ್ಪು ಹಿನ್ನೆಲೆಯಲ್ಲಿ ಪೆಟ್ಟಿಗೆಗೊಂದು ಬಿಳಿ ಚುಕ್ಕಿ. ಮೂಗು ಪೂರ್ತಿ ಹಳದಿ. ನೀಲಿ ಮೇಲೆ ನೇರವಾಗಿ ಹಳದಿ ಹೊಡೆದರೆ ಹಸಿರು ಛಾಯೆ ಇಣುಕುತ್ತೆ; ಕೆಳಗೆ ಬಿಳಿ ಪ್ರೈಮರ್ ಬೇಕೇ ಬೇಕು.

ಹಳಿಬದಿ:
ಸರಿ, ಸ್ಟ್ರಾಟ್‌ಫರ್ಡೇ ಮಾಡ್ತೀನಿ. ಪಿಕಪ್ ಆದ ಮೇಲೆ ಡಿಕೋಡರ್. ಸ್ಪೀಡ್ ಎಷ್ಟಕ್ಕೆ ಇಡಲಿ?

ಕೋಕೋ:
ನಿಜವಾದದ್ದರ ಗರಿಷ್ಠ ವೇಗ ಗಂಟೆಗೆ 90 ಮೈಲಿ. 76ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 53 ಸೆಂ.ಮೀ. ಹಳಿ ಮೇಲೆ ಒಂದು ಮೀಟರ್ ಗುರುತು ಹಾಕಿ, ಪೂರ್ತಿ ಥ್ರಾಟಲ್‌ನಲ್ಲಿ 1.9 ಸೆಕೆಂಡಿಗಿಂತ ಬೇಗ ದಾಟದ ಹಾಗೆ ಸಿವಿ 5 (ಗರಿಷ್ಠ ವೇಗ) ಇಳಿಸಿ. 35 ಮೈಲಿಯ ಗೂಡ್ಸ್ ಆದರೆ ಮೀಟರಿಗೆ 4.9 ಸೆಕೆಂಡ್. ಮೊದಲ ಸ್ಪೀಡ್ ಸ್ಟೆಪ್‌ನಲ್ಲಿ ಗಾಡಿ ಅಲುಗಾಡೋವರೆಗೆ ಸಿವಿ 2 (ಹೊರಡೋ ವೋಲ್ಟೇಜ್) ಒಂದೊಂದೇ ಏರಿಸಿ. ಇದನ್ನೆಲ್ಲ ಹತ್ತು ನಿಮಿಷ ಓಡಿಸಿ ಮೋಟಾರ್ ಬೆಚ್ಚಗಾದ ಮೇಲೆ ಮಾಡಿ, ತಣ್ಣಗಿದ್ದಾಗ ಇಟ್ಟ ಅಂಕಿ ಆಮೇಲೆ ಹೊಂದಲ್ಲ.