ಸ್ಪೀಡ್ 78 ಕಿ.ಮೀ. ದಾಟ್ತಿದ್ದಂಗೆ ಲಾರಿ ಸ್ಟೀರಿಂಗ್ ನಡುಗುತ್ತೆ, ಎರಡು ಸಲ ಬ್ಯಾಲೆನ್ಸ್ ಮಾಡಿಸಿದ್ರೂ ಹೋಗ್ತಿಲ್ಲ

ಡಬಲ್‌ಕ್ಲಚ್:
ಆರು ಚಕ್ರದ ಲಾರಿ, ಟೈರು 295/80 ಆರ್ 22.5, ಟ್ಯೂಬ್‌ಲೆಸ್. ಮುಂದಿನ ಎರಡೂ ಹೊಸದು, ಹಾಕಿಸಿ ಎರಡು ತಿಂಗಳಾಯ್ತು. 70ರ ತನಕ ಏನೂ ಇಲ್ಲ, ನೀಟಾಗಿ ಹೋಗುತ್ತೆ. 78ರ ಹತ್ರ ಬಂತು ಅಂದ್ರೆ ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಸಣ್ಣಗೆ ಅದುರೋಕೆ ಶುರು, 85ರ ತನಕ ಇದೇ ಕಥೆ, 90 ಮುಟ್ಟಿದ್ರೆ ಅರ್ಧಕ್ಕರ್ಧ ಕಮ್ಮಿ ಆಗುತ್ತೆ. ಖಾಲಿ ಗಾಡಿಲಿ ಜಾಸ್ತಿ, ಲೋಡ್ ಇದ್ರೆ ಸ್ವಲ್ಪ ವಾಸಿ. ಎರಡು ಗಂಟೆ ಓಡಿಸಿ ಇಳಿದ್ರೆ ಬೆರಳೆಲ್ಲಾ ಜೋಮು ಹಿಡಿದಿರುತ್ತೆ. ಬ್ಯಾಲೆನ್ಸಿಂಗ್ (ರಿಮ್ಮಿಗೆ ತೂಕ ಬಡಿದು ಚಕ್ರದ ಭಾರ ಸರಿದೂಗಿಸೋದು) ಎರಡು ಸಲ ಆಯ್ತು, ಅಲೈನ್‌ಮೆಂಟ್ (ಚಕ್ರ ನೇರಕ್ಕೆ ಹೊಂದಿಸೋದು) ಒಂದು ಸಲ. ಈಗ ಗ್ಯಾರೇಜಿನವ್ರು ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಗೂಟ) ಕಿಟ್, ಟೈ ರಾಡ್ ಎಂಡು (ಎರಡೂ ಮುಂದಿನ ಚಕ್ರ ಜೋಡಿಸೋ ರಾಡಿನ ತುದಿಯ ಕೀಲು) ಎಲ್ಲಾ ಒಟ್ಟಿಗೆ ಬದಲಾಯಿಸೋಣ ಅಂತಾರೆ. ಮಾಡಿಸಲಾ ಬೇಡ್ವಾ?

ಹತ್ತುಗಾಲಿ:
ಅಲೈನ್‌ಮೆಂಟ್ ಸರಿಯಾಗಿ ಮಾಡಿಲ್ಲ ಅವ್ರು. ಬೇರೆ ಕಡೆ ಇನ್ನೊಂದು ಸಲ ತೋರಿಸಿ, ಹಂಗೂ ಹೋಗ್ಲಿಲ್ಲ ಅಂದ್ರೆ ನಡುಕ ನುಂಗೋಕೆ ಒಂದು ಸ್ಟೀರಿಂಗ್ ಡ್ಯಾಂಪರ್ ಹಾಕ್ಸಿಬಿಡಿ, ಮುಗೀತು.

ಗ್ರೀಸ್‌ಗನ್:
ಹತ್ತುಗಾಲಿಯವ್ರೇ ಬೇಜಾರು ಮಾಡ್ಕೋಬೇಡಿ, ಅಲೈನ್‌ಮೆಂಟ್ ಕೆಟ್ರೆ ಗಾಡಿ ಒಂದು ಕಡೆ ಎಳೆಯುತ್ತೆ, ಟೈರು ಗರಗಸದ ಹಲ್ಲಿನ ಥರ ಸವೆಯುತ್ತೆ, ಹಂಗೆ ಸವೆದ ಮೇಲೆ ಆ ಸವೆತದಿಂದ ನಡುಕ ಬರಬಹುದು, ಆದ್ರೆ ಇವರ ಟೈರು ಎರಡು ತಿಂಗಳ ಹಿಂದಿನದು. ಡ್ಯಾಂಪರ್ ಹಾಕೋದಂತೂ ಸೋರೋ ಸೂರಿನ ಕೆಳಗೆ ಬಕೆಟ್ ಇಟ್ಟಂಗೆ.

ಡಬಲ್‌ಕ್ಲಚ್, ನೀವು ಬರೆದಿರೋದ್ರಲ್ಲೇ ಅರ್ಧ ಉತ್ತರ ಇದೆ. 78ರಿಂದ 85ರ ಮಧ್ಯ ಮಾತ್ರ ಬರುತ್ತೆ, ಆಮೇಲೆ ಕಮ್ಮಿ ಆಗುತ್ತೆ ಅಂದ್ರಲ್ಲ, ಅದು ಚಕ್ರದ ಜೊತೆ ಸುತ್ತೋ ಯಾವುದೋ ತಪ್ಪು. ಲೆಕ್ಕ ಹಾಕಿ ನೋಡಿ, ಈ ಸೈಜಿನ ಟೈರು ಒಂದು ಸುತ್ತಿಗೆ ಹತ್ತಿರ ಹತ್ತಿರ 3.2 ಮೀಟರ್ ಹೋಗುತ್ತೆ, 80ರಲ್ಲಿ ಸೆಕೆಂಡಿಗೆ 22 ಮೀಟರ್, ಅಂದ್ರೆ ಸೆಕೆಂಡಿಗೆ 7 ಸುತ್ತು. ಮುಂದಿನ ಆಕ್ಸಲ್, ಕಮಾನ್ ಪಟ್ಟಿ, ಸ್ಟೀರಿಂಗ್ ರಾಡು ಇವೆಲ್ಲಾ ಸೇರಿ ತಮ್ಮದೇ ಒಂದು ತಾಳದಲ್ಲಿ ಅಲ್ಲಾಡ್ತವೆ, ಆ ತಾಳಕ್ಕೆ ಈ 7 ಸುತ್ತು ಕೂಡಿಕೊಂಡಾಗ ಚಿಕ್ಕ ತಪ್ಪು ಕೂಡ ದೊಡ್ಡದಾಗಿ ಕಾಣುತ್ತೆ, ಸ್ಪೀಡ್ ಅದನ್ನ ದಾಟಿದ ಮೇಲೆ ತಣ್ಣಗಾಗುತ್ತೆ. ರಿಮ್ಮಿನ ಅಂಚಲ್ಲಿ ಬರೀ 100 ಗ್ರಾಂ ಹೆಚ್ಚು ಕಮ್ಮಿ ಇದ್ರೂ 80ರಲ್ಲಿ ಅದು ಐದಾರು ಕೆಜಿ ಭಾರದಲ್ಲಿ ಎಳೆಯುತ್ತೆ, ಅದೂ ಸೆಕೆಂಡಿಗೆ ಏಳು ಸಲ. 40ರಲ್ಲಿ ಅದೇ 100 ಗ್ರಾಂ ಒಂದೂವರೆ ಕೆಜಿ ಕೂಡ ಎಳೆಯಲ್ಲ, ಅದಕ್ಕೇ ಊರೊಳಗೆ ಓಡಿಸ್ವಾಗ ಗೊತ್ತೇ ಆಗಲ್ಲ.

ಕಿಂಗ್ ಪಿನ್ನಿಗೆ ಕೈ ಹಾಕೋ ಮುಂಚೆ ಇಷ್ಟು ನೋಡಿ. ಹಿಂದಿನ ಚಕ್ರಕ್ಕೆ ಅಡೆ ಕೊಟ್ಟು ಮುಂದೆ ಜಾಕ್ ಹಾಕಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ, ಬರೀ ಜಾಕ್ ನಂಬಿ ಕೂರಬೇಡಿ. ಚಕ್ರದ ಕೆಳಗೆ ರಾಡ್ ಕೊಟ್ಟು ಮೇಲೆ ಕೆಳಗೆ ಮೀಟಿ. ಆಟ (ಸಡಿಲ) ಇದ್ರೆ ಒಬ್ರು ಬ್ರೇಕ್ ಒತ್ತಿ ಹಿಡೀಲಿ, ಆಗ ಆಟ ನಿಂತ್ರೆ ವೀಲ್ ಬೇರಿಂಗು, ಬ್ರೇಕ್ ಒತ್ತಿದ್ರೂ ಇದ್ರೆ ಕಿಂಗ್ ಪಿನ್ನು. ಅಡ್ಡಕ್ಕೆ ಅಲ್ಲಾಡಿಸಿದಾಗ ಲೊಡ ಲೊಡ ಅಂದ್ರೆ ಟೈ ರಾಡ್ ಎಂಡೋ ಡ್ರ್ಯಾಗ್ ಲಿಂಕೋ (ಸ್ಟೀರಿಂಗ್ ಕಡೆಯಿಂದ ಚಕ್ರಕ್ಕೆ ಬರೋ ರಾಡು) ನೋಡಿ. ಏನೂ ಇಲ್ಲ ಅಂದ್ರೆ ಆ ಕಿಟ್ ಬದಲಾಯಿಸೋದು ದಂಡ. ಇನ್ನೊಂದು ಮಾತು, ಈ ಭಾಗಗಳು ಸವೆದಿದ್ರೆ ನಡುಕ ದೊಡ್ಡದಾಗಿ ಕಾಣುತ್ತೆ, ಆದ್ರೆ ನಡುಕ ಹುಟ್ಟಿಸೋದು ಹೆಚ್ಚಿನ ಸಲ ಅವಲ್ಲ.

ಬ್ರೇಕ್ ಹಿಡಿದಾಗ ನಡುಕ ಜಾಸ್ತಿ ಆಗುತ್ತಾ?

ಡಬಲ್‌ಕ್ಲಚ್:
ಇಲ್ಲ, ಬ್ರೇಕ್ ಹಿಡಿದ್ರೂ ಅಷ್ಟೇ ಬಿಟ್ರೂ ಅಷ್ಟೇ. ಕ್ಲಚ್ ಒತ್ತಿ ನೋಡಿದೆ, ಅದಕ್ಕೂ ಏನೂ ವ್ಯತ್ಯಾಸ ಇಲ್ಲ. ಇವತ್ತು ಜಾಕ್ ಹಾಕಿ ನೋಡಿದ್ವಿ, ಬೇರಿಂಗ್, ಕಿಂಗ್ ಪಿನ್ ಎರಡೂ ಗಟ್ಟಿ ಇದೆ. ಬಲಗಡೆ ಟೈ ರಾಡ್ ಎಂಡಲ್ಲಿ ಚೂರೇ ಚೂರು ಆಟ.

ಸ್ಟೆಪ್ನಿ:
ಹಂಗಾದ್ರೆ ಬ್ರೇಕ್ ಡ್ರಮ್ಮು ಎಂಜಿನ್ನು ಎರಡನ್ನೂ ಬಿಟ್ಟಾಕಿ. ಟೈ ರಾಡ್ ಎಂಡ್ ಆಟ ಮಾತ್ರ ಹಂಗೇ ಬಿಡಬೇಡಿ, ನಡುಕಕ್ಕೆ ಕಾರಣ ಅಲ್ಲದೇ ಇದ್ರೂ ಅದು ಸ್ಟೀರಿಂಗ್ ಭಾಗ, ಅದೊಂದನ್ನ ಬದಲಾಯಿಸಿ.

ಬ್ಯಾಲೆನ್ಸ್ ಮಾಡಿಸಿದೀನಿ ಅಂದ ತಕ್ಷಣ ಚಕ್ರ ಗುಂಡಗಿದೆ ಅಂತ ಅಲ್ಲ. ಮೊಟ್ಟೆಗೂ ತೂಕ ಅಂಟಿಸಿ ಬ್ಯಾಲೆನ್ಸ್ ಮಾಡಬಹುದು, ಆದ್ರೆ ಉರುಳಿಸಿದ್ರೆ ಕುಣಿದೇ ಕುಣಿಯುತ್ತೆ. ಮಷೀನು ತೂಕ ನೋಡುತ್ತೆ, ಆಕಾರ ನೋಡಲ್ಲ, ಕೆಲವು ದುಬಾರಿ ಮಷೀನಲ್ಲಿ ಮಾತ್ರ ರೋಲರ್ ಒತ್ತಿ ನೋಡೋ ವ್ಯವಸ್ಥೆ ಇರುತ್ತೆ.

ಈಗ ಟಾರ್ಚ್ ತಗೊಂಡು ಮುಂದಿನ ಟೈರ್ ಹತ್ರ ಕೂತ್ಕೊಳ್ಳಿ. ರಿಮ್ಮಿನ ಅಂಚಿನ ಪಕ್ಕದಲ್ಲೇ ಟೈರ್ ಮೇಲೆ ಸುತ್ತಲೂ ಒಂದು ಸಣ್ಣ ಉಬ್ಬಿದ ಗೆರೆ ಇರುತ್ತೆ, ಯಾರೂ ನೋಡಲ್ಲ ಅದನ್ನ. ಆ ಗೆರೆಗೂ ರಿಮ್ಮಿಗೂ ಮಧ್ಯದ ಸಂದು ಸುತ್ತಲೂ ಒಂದೇ ಸಮ ಇರಬೇಕು. ನಾಲ್ಕು ಕಡೆ ಅಳೀರಿ. ಒಂದು ಕಡೆಗೂ ಅದರ ಎದುರು ಕಡೆಗೂ 1.6 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಟೈರ್ ರಿಮ್ಮಲ್ಲಿ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಒಣಗಿದ ರಿಮ್ಮಿಗೆ ಸೋಪು ಹಚ್ಚದೆ ಗಾಳಿ ತುಂಬಿದ್ರೆ ಹಿಂಗೇ ಆಗೋದು. ಹಂಗೇನಾದ್ರೂ ಇದ್ರೆ ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದ್ರೂ ಹೋಗಲ್ಲ.

ಗೆರೆ ಸರಿ ಇದ್ರೆ, ಚಕ್ರ ಎತ್ತಿ ಕೈಯಲ್ಲಿ ನಿಧಾನಕ್ಕೆ ಸುತ್ತಿಸಿ, ಟೈರಿನ ಮುಂದೆ ನೆಲದ ಮೇಲೆ ಒಂದು ಕಡ್ಡಿ ಅಲ್ಲಾಡದಂಗೆ ನಿಲ್ಸಿ ಸಂದು ನೋಡ್ತಾ ಇರಿ. ಎರಡೂವರೆ ಮಿಲಿಮೀಟರ್ ಏರಿಳಿತ ಕಂಡ್ರೆ ಟೈರೋ ರಿಮ್ಮೋ ಹಬ್ಬಲ್ಲಿ ಕೂರಿಸಿರೋದೋ ಯಾವುದೋ ಒಂದು ತಪ್ಪಿದೆ. ಅಷ್ಟು ಪುರುಸೊತ್ತು ಇಲ್ಲ ಅಂದ್ರೆ ಸ್ಟೆಪ್ನಿ ಒಳ್ಳೇದಿದ್ದು ಅದೇ ಸೈಜಿಂದಾದ್ರೆ ಎಡಗಡೆ ಹಾಕಿ ಓಡಿಸಿ, ಆಮೇಲೆ ಬಲಗಡೆ. ಯಾವ ಕಡೆ ಹಾಕಿದಾಗ ನಡುಕ ಹೋಯ್ತೋ ಆ ಕಡೆಯ ಚಕ್ರವೇ ಕಳ್ಳ. (ನನ್ನ ಹೆಸರು ನೋಡಿ ಸ್ಟೆಪ್ನಿ ಪರ ವಾದ ಮಾಡ್ತಿದೀನಿ ಅನ್ಕೋಬೇಡಿ.)

ಹತ್ತುಗಾಲಿ:
ಸರಿ ಸರಿ, ಒಪ್ಕೊಂಡೆ. ಆದ್ರೆ ನನ್ನ ಬಸ್ಸಲ್ಲಿ ಸ್ಟೀರಿಂಗ್ ಶಾಂತವಾಗಿರುತ್ತೆ, ಸೀಟು ಮತ್ತೆ ಕಾಲಡಿ ಮಾತ್ರ ಗುಂಯ್ ಅನ್ನುತ್ತೆ, ಅದಕ್ಕೂ ಇದೇ ನೋಡಬೇಕಾ?

ಗ್ರೀಸ್‌ಗನ್:
ಅದು ಬೇರೆ ಜಾತಿ. ಚಕ್ರದ ನಡುಕ ಒಂದೊಂದೇ ಹೊಡೆತ ಗೊತ್ತಾಗೋ ಅಷ್ಟು ನಿಧಾನ ಇರುತ್ತೆ. ಗೇರ್ ಬಾಕ್ಸಿಂದ ಹಿಂದಿನ ಆಕ್ಸಲ್ಲಿಗೆ ಹೋಗೋ ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ನಾಲ್ಕೈದು ಪಟ್ಟು ಜೋರಾಗಿ ಸುತ್ತುತ್ತೆ, ಅದಕ್ಕೇ ಗುಂಯ್ ಅನ್ನೋದು. ಅದರ ಜಾಯಿಂಟ್ ಕ್ರಾಸು, ಸೆಂಟರ್ ಬೇರಿಂಗು ನೋಡಿ, ಶಾಫ್ಟ್ ಯಾವಾಗಲಾದ್ರೂ ಬಿಚ್ಚಿ ಹಾಕಿದ್ರಾ ಕೇಳಿ, ಎರಡು ತುದಿಯ ಯೋಕ್ (ಕವಲು) ಒಂದೇ ನೇರಕ್ಕೆ ಬರದೇ ಒಂದು ಹಲ್ಲು ಆಚೀಚೆ ಕೂರಿಸಿದ್ರೆ ಹಿಂಗೇ ಆಗುತ್ತೆ. ಬೇರೆ ಪೋಸ್ಟ್ ಹಾಕಿ, ಇಲ್ಲಿ ಕಲಸುಮೇಲೋಗರ ಆಗುತ್ತೆ.

ಡಬಲ್‌ಕ್ಲಚ್:
ಸಿಕ್ತು! ಎಡಗಡೆ ಟೈರಲ್ಲಿ ಆ ಗೆರೆ ಒಂದು ಕಡೆ 3 ಮಿಲಿಮೀಟರ್, ಎದುರು ಕಡೆ 7. ಎರಡು ತಿಂಗಳು ದಿನಾ ಬೆಳಿಗ್ಗೆ ಗಾಳಿ ಚೆಕ್ ಮಾಡಕ್ಕೆ ಬಗ್ಗಿದೀನಿ, ಒಂದು ದಿನಾನೂ ಕಣ್ಣಿಗೆ ಬಿದ್ದಿಲ್ಲ. ಬಲಗಡೆ ಸಮ ಇದೆ.

ಸ್ಟೆಪ್ನಿ:
ಹಂಗಾದ್ರೆ ವಾಲ್ವ್ ಸೂಜಿ ಬಿಚ್ಚಿ ಪೂರ್ತಿ ಗಾಳಿ ಇಳಿಸಿ, ಆಮೇಲೇ ಅಂಚು ಬಿಡಿಸಿ, ರಿಮ್ಮಿನ ತುಕ್ಕು ಉಜ್ಜಿ, ಟೈರ್ ಸೋಪು ಧಾರಾಳವಾಗಿ ಹಚ್ಚಿ ಟೈರ್ ಸಿಡಿದ್ರೂ ತಡೆಯೋ ಕಬ್ಬಿಣದ ಪಂಜರದೊಳಗೆ ಇಟ್ಟು ಗಾಳಿ ತುಂಬಿಸಿ. ಸೈಡಲ್ಲಿ ಹಳದಿ ಚುಕ್ಕೆ ಇದ್ರೆ ಅದು ಟೈರಿನ ಹಗುರ ಜಾಗ, ವಾಲ್ವ್ ಪಕ್ಕಕ್ಕೆ ತನ್ನಿ. ಅದಾದ ಮೇಲೇನೇ ಬ್ಯಾಲೆನ್ಸ್. ರಿಮ್ ಹಬ್ಬಿಗೆ ತಾಗೋ ಮುಖದಲ್ಲಿ ತುಕ್ಕು, ಪೇಂಟಿನ ಗಂಟು ಇದ್ರೆ ಬ್ರಷ್ ಹಾಕಿ ತೆಗೀರಿ, ನಟ್ಟು ಒಂದರ ಎದುರು ಇನ್ನೊಂದು ಹಂಗೆ ಬಿಗಿಸಿ, ಸಾಲಾಗಿ ಬಿಗಿಸಿದ್ರೆ ಚಕ್ರ ವಾರೆ ಕೂರುತ್ತೆ. 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಂದು ಸಲ ನಟ್ಟಿನ ಬಿಗಿ (ಟಾರ್ಕ್) ನೋಡಿ.

ಡಬಲ್‌ಕ್ಲಚ್:
ಮಾಡಿಸ್ದೆ. ಈಗ ಸುತ್ತಲೂ 5 ಮಿಲಿಮೀಟರ್. ಮೊದಲು ಎಡಗಡೆ ರಿಮ್ಮಿಗೆ ಬಡಿದಿದ್ದ ತೂಕ 350 ಗ್ರಾಂ, ಈಗ 120ಕ್ಕೆ ಮುಗೀತು. ನಿನ್ನೆ ಖಾಲಿ ಗಾಡಿಲೇ 85ರಲ್ಲಿ ಓಡಿಸಿದೆ, ಒಂದು ಕೈಯಲ್ಲಿ ಹಿಡಿದ್ರೂ ಅಲ್ಲಾಡ್ಲಿಲ್ಲ. ಟೈ ರಾಡ್ ಎಂಡ್ ಒಂದು ಬದಲಾಯಿಸಿದೆ, ಕಿಂಗ್ ಪಿನ್ ಕಿಟ್ ಬೇಡ ಅಂದಿದ್ದಕ್ಕೆ ಗ್ಯಾರೇಜಿನವ್ರ ಮುಖ ಸ್ವಲ್ಪ ಸಪ್ಪೆ ಆಯ್ತು. 88ರ ಹತ್ರ ತುಂಬಾ ಸಣ್ಣಗೆ ಏನೋ ಇನ್ನೂ ಇದೆ ಅನ್ಸುತ್ತೆ, ಇಲ್ಲಾ ನನ್ನ ಕೈಗೇ ಅಭ್ಯಾಸ ಆಗಿಬಿಟ್ಟಿದ್ಯೋ ಏನೋ. ಮುಂದಿನ ವಾರ ಲೋಡ್ ಹಾಕಿ ಓಡಿಸಿ ಹೇಳ್ತೀನಿ.