ಅಪ್‌ಡೇಟ್: ಈಟಿ ಹಿಡಿದ ಮುತ್ತಜ್ಜನ ಫೋಟೋ

ಅಮ್ಮನ ಕಡೆಯ ಮುತ್ತಜ್ಜ ಕೈಯಲ್ಲಿ ಈಟಿ ಹಿಡಿದು ನಿಂತ ಫೋಟೋ ಹಾಕಿ, ‘ಇವರು ಯಾವ ಪಡೆಯಲ್ಲಿದ್ದಿರಬಹುದು? ಈಜಿಪ್ಟಿಗೆ ಹೋಗಿದ್ದರಂತೆ’ ಎಂದು ಕೇಳಿದ್ದೆ. ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ಪಡೆ) ಇರಬಹುದು, ನೋಡಿ ಎಂದವರಿಗೆಲ್ಲ ಕೈಮುಗಿದು ವಂದನೆ. ಅದೇ ನಿಜವಾಯಿತು! ದೊಡ್ಡಮ್ಮನ ಟ್ರಂಕಿನಲ್ಲಿ ಪದಕವೊಂದು ಸಿಕ್ಕಿತು. ಅದರ ಅಂಚಿನಲ್ಲಿ ಅವರ ಹೆಸರು, ನಂಬರು, ಪಡೆಯ ಹೆಸರು ಕೆತ್ತಿದೆ. ಹಳೆಯ ಪದಕ ಇರುವವರು ದಯವಿಟ್ಟು ಮೊದಲು ಅಂಚು ನೋಡಿ.

ಮೊದಲನೇ ಮಹಾಯುದ್ಧದಲ್ಲಿ ಮೈಸೂರು, ಹೈದರಾಬಾದ್, ಜೋಧಪುರ ಸಂಸ್ಥಾನಗಳ ಕುದುರೆ ಪಡೆಗಳು ಬ್ರಿಟಿಷರ ಪರವಾಗಿ ಒಂದೇ ಬ್ರಿಗೇಡಿನಲ್ಲಿದ್ದವು. ಮೊದಲು ಈಜಿಪ್ಟಿನ ಸೂಯೆಜ್ ಕಾಲುವೆಯ ಕಾವಲು, ಆಮೇಲೆ ಪ್ಯಾಲೆಸ್ತೀನ್. 1918ರ ಸೆಪ್ಟೆಂಬರ್ 23ರಂದು ಅಲ್ಲಿ ತುರ್ಕರ ಕೈಯಲ್ಲಿದ್ದ ಬಂದರು ಊರು ಹೈಫಾ ಬಿತ್ತು. ಜೋಧಪುರದವರು ಊರಿಗೇ ನುಗ್ಗಿದರೆ, ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದಿತು. ಮುತ್ತಜ್ಜ ಆ ತುಕಡಿಯಲ್ಲೇ ಇದ್ದರು ಎನ್ನಲು ಪದಕವೊಂದೇ ಸಾಲದು, ಹಾಗಾಗಿ ವಂಶವೃಕ್ಷದಲ್ಲಿ ಅದನ್ನು ಬರೆದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಮನೆಯ ಕಥೆ. ಅವರು ದೂರದಲ್ಲಿದ್ದಾಗಲೇ ಮೊದಲ ಹೆಂಡತಿ ‘ಆ ಜ್ವರ’ದಲ್ಲಿ ಹೋದರು ಎಂದಷ್ಟೇ ಅಜ್ಜಿ ಹೇಳುತ್ತಿದ್ದರು. 1918ರ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನೂ ಹಿಂಡಿತ್ತು. ಹೈಫಾ ಗೆದ್ದ ಆಸುಪಾಸಿನಲ್ಲೇ ಇಲ್ಲಿ ಊರೂರಲ್ಲಿ ಹೆಣ ಬೀಳುತ್ತಿದ್ದವು. ಆಕೆಯ ಹೆಸರು ನಮ್ಮಲ್ಲಿ ಯಾರಿಗೂ ನೆನಪಿಲ್ಲ, ನನಗದು ಬೇಕೇ ಬೇಕು. ಹಳೆಯ ಜನನ–ಮರಣ ರಿಜಿಸ್ಟರ್ ನೋಡಲು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ.