ಟ್ರಾಕಿ ಟ್ಯೂಬ್ ಇರುವ ಅಣ್ಣನಿಗೆ ಮನೆಯಲ್ಲೇ ಆರೈಕೆ: ಏಜೆನ್ಸಿಯನ್ನು ಹೇಗೆ ಆರಿಸೋದು?

ಪ್ರಶ್ನೆ: ನಮಸ್ಕಾರ. ನಮ್ಮಣ್ಣನಿಗೆ 34 ವರ್ಷ. ಬೈಕ್ ಅಪಘಾತದಲ್ಲಿ ಕುತ್ತಿಗೆ ಹತ್ತಿರ, ಸಿ-5 ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದೆ. ಮೊಣಕೈ ಸ್ವಲ್ಪ ಮಡಚುತ್ತಾನೆ, ಬೆರಳು ಮತ್ತು ಕಾಲು ಆಡೋದಿಲ್ಲ. ಉಸಿರಾಡೋಕೆ ಗಂಟಲಲ್ಲಿ ತೂತು ಮಾಡಿ ಹಾಕಿದ 8ನೇ ಸೈಜಿನ ಟ್ರಾಕಿ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್ ಇದೆ. ವೆಂಟಿಲೇಟರ್ ಬೇಡ ಅಂದಿದ್ದಾರೆ. ಇನ್ನು ಹತ್ತು ದಿನಕ್ಕೆ ಬೆಂಗಳೂರಿನ ಆಸ್ಪತ್ರೆಯಿಂದ ಮೈಸೂರಿನ ಮನೆಗೆ ಕರ್ಕೊಂಡು ಬರಬೇಕು. ಮೂರು ಏಜೆನ್ಸಿಗೆ ಫೋನ್ ಮಾಡಿದ್ದೆ, ಮೂವರೂ "ಎಲ್ಲಾ ನಾವು ನೋಡ್ಕೋತೀವಿ" ಅಂದರು. ಯಾರನ್ನು ನಂಬೋದು?

ಉತ್ತರ (ಹೋಂಕೇರ್ ನರ್ಸಿಂಗ್ ಸೂಪರ್‌ವೈಸರ್): ಏಜೆನ್ಸಿಯ ಹೆಸರು ಆಮೇಲೆ ನೋಡೋಣ ಅಮ್ಮ. ರಾತ್ರಿ ಎರಡು ಗಂಟೆಗೆ ಅಣ್ಣನ ಮಂಚದ ಪಕ್ಕ ನಿಂತಿರೋರು ಯಾರು ಅನ್ನೋದನ್ನು ಮೊದಲು ಕೇಳಿ. ನಮ್ಮ ಕಡೆ ಬಿಳಿ ಕೋಟು ಹಾಕಿದವರನ್ನೆಲ್ಲ "ನರ್ಸ್" ಅಂತಲೇ ಕರೀತಾರೆ, ಮೋಸ ಆಗೋದು ಅಲ್ಲೇ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತೆ. ಅಟೆಂಡರ್‌ಗಳಿಗೆ ಕೆಲವೇ ತಿಂಗಳ ತರಬೇತಿ. ಮೈ ಒರೆಸೋದು, ಮಗ್ಗುಲು ಬದಲಿಸೋದು, ಯೂರಿನ್ ಬ್ಯಾಗ್ ಖಾಲಿ ಮಾಡೋದನ್ನು ಅವರು ಚೆನ್ನಾಗಿ ಮಾಡ್ತಾರೆ. ಸಕ್ಷನ್, ಅಂದರೆ ಟ್ರಾಕಿ ಟ್ಯೂಬಿನೊಳಗೆ ಸಣ್ಣ ನಳಿಗೆ ಹಾಕಿ ಮಷೀನಿಂದ ಕಫ ಎಳೆಯೋದನ್ನು ಮಾತ್ರ ಅವರ ಕೈಗೆ ಬಿಡಬೇಡಿ. ಬರೋರ ಹೆಸರು, ನೋಂದಣಿ ಪತ್ರದ ನಕಲು, ಎರಡನ್ನೂ ಮುಂಗಡ ಕೊಡೋ ಮುಂಚೆಯೇ ತರಿಸ್ಕೊಳ್ಳಿ.

"ಸಕ್ಷನ್ ಬರುತ್ತಾ?" ಅಂತ ಕೇಳಿದರೆ ಎಲ್ಲರೂ "ಬರುತ್ತೆ" ಅಂತಾರೆ. ಕೇಳೋ ಬದಲು ಆಸ್ಪತ್ರೆಗೇ ಕರೆಸಿ, ವಾರ್ಡ್ ಸಿಸ್ಟರ್ ಎದುರಿಗೆ ಮಾಡಿಸಿ ನೋಡಿ. ಸಕ್ಷನ್ ಕ್ಯಾಥೆಟರ್ (ಕಫ ಎಳೆಯೋ ನಳಿಗೆ) ಎಷ್ಟು ಸೈಜು? ಟ್ಯೂಬಿನ ಸೈಜಿನಲ್ಲಿ 2 ಕಳೆದು ದುಪ್ಪಟ್ಟು ಮಾಡಬೇಕು, 8ಕ್ಕೆ 12 ಫ್ರೆಂಚ್ (ನಳಿಗೆಯ ದಪ್ಪ ಅಳೆಯೋ ಲೆಕ್ಕ). ಅದಕ್ಕಿಂತ ದಪ್ಪದ್ದು ಹಾಕಿದರೆ ಅಕ್ಕಪಕ್ಕ ಗಾಳಿ ಆಡೋಕೆ ಜಾಗವೇ ಇರಲ್ಲ. ಒಳಗೆ ಹೋಗುವಾಗ ಹೆಬ್ಬೆರಳು ಕ್ಯಾಥೆಟರ್ ಹಿಡಿಯೋ ತುದಿಯ ತೂತಿನ ಮೇಲೆ ಇರಬಾರದು. ಹೊರಗೆ ಎಳೆಯುವಾಗ ಮಾತ್ರ ಮುಚ್ಚಬೇಕು. ಒಂದು ಸಲಕ್ಕೆ 10ರಿಂದ 15 ಸೆಕೆಂಡ್, ಅದಕ್ಕಿಂತ ಹೆಚ್ಚಾದರೆ ಆಕ್ಸಿಜನ್ ಇಳಿಯುತ್ತೆ. ಟ್ರಾಕಿ ಟ್ಯೂಬಿಗೆ ಒಳಕೊಳವೆ ಇದ್ದರೆ ಅದನ್ನೂ ತೆಗೆಸಿ ಬೆಳಕಿಗೆ ಹಿಡಿಯೋಕೆ ಹೇಳಿ. ಕಫ ಒಣಗಿ ಗೋಡೆಗೆ ಅಂಟಿರುತ್ತೆ, ಅನ್ನದ ತಳ ಹಿಡಿದ ಹಾಗೆ. ಅದನ್ನು ನೋಡದೆ ಬರೀ ಸಕ್ಷನ್ ಹಾಕೋರಿಗೆ ಒಂದು ದಿನ ಟ್ಯೂಬ್ ಕಟ್ಟಿಕೊಳ್ಳೋದು ಖಂಡಿತ.

ಕೊನೆಗೆ, "ಟ್ಯೂಬೇ ಆಚೆ ಬಂದುಬಿಟ್ಟರೆ ಏನ್ಮಾಡ್ತೀರಿ?" ಅಂತ ಕೇಳಿ. ತಲೆದಿಂಬಿನ ಬಳಿ ಅದೇ ಸೈಜಿನ ಇನ್ನೊಂದು ಟ್ಯೂಬು, ಒಂದು ಸೈಜು ಚಿಕ್ಕದು, ಆಂಬು ಬ್ಯಾಗು (ಕೈಯಲ್ಲಿ ಒತ್ತಿ ಉಸಿರು ಕೊಡೋ ಚೀಲ) ಇಟ್ಟಿರಬೇಕು, ಮೊದಲು ಅವಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಮನೆಯವರು 108ಕ್ಕೆ ಫೋನ್ ಮಾಡಬೇಕು. "ಆಫೀಸಿಗೆ ಕಾಲ್ ಮಾಡಿ ಕೇಳ್ತೀನಿ" ಅಂದರೆ ಅವರನ್ನು ಒಪ್ಪಬೇಡಿ.

ಮರುಪ್ರಶ್ನೆ: ಒಬ್ಬರೇ 24 ಗಂಟೆ ಮನೆಯಲ್ಲೇ ಉಳಿಯೋ ಪ್ಯಾಕೇಜ್ ಕಡಿಮೆಗೆ ಸಿಗ್ತಿದೆ. ಸಾಕಾಗುತ್ತಾ?

ಉತ್ತರ (ಅದೇ ಸೂಪರ್‌ವೈಸರ್): ಖಂಡಿತ ಬೇಡ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ನಡುನಡುವೆ ಸಕ್ಷನ್. ಒಬ್ಬರು ನಾಲ್ಕು ರಾತ್ರಿ ಹೀಗೆ ಎದ್ದರೆ ಐದನೇ ರಾತ್ರಿ ಅಲಾರಂ ಹೊಡೆದರೂ ಏಳಲ್ಲ, ಅದು ಅವರ ತಪ್ಪೂ ಅಲ್ಲ. ಬೆನ್ನಿನ ಕೆಳಗೆ, ಬಾಲಮೂಳೆ ಮೇಲೆ ಹಾಸಿಗೆ ಹುಣ್ಣಿನ ಕೆಂಪು ಮಚ್ಚೆ ಶುರುವಾಗೋದು ಇಂಥ ಮನೆಗಳಲ್ಲೇ. ಏರ್ ಬೆಡ್ ಹಾಕಿದ ಮಾತ್ರಕ್ಕೆ ಮಗ್ಗುಲು ಬದಲಿಸೋದನ್ನು ಬಿಡೋ ಹಾಗಿಲ್ಲ. 12 ಗಂಟೆಯ ಎರಡು ಶಿಫ್ಟ್ ತಗೊಳ್ಳಿ. ದುಡ್ಡು ಸಾಲದಿದ್ದರೆ ರಾತ್ರಿಗೆ ನೋಂದಾಯಿತ ನರ್ಸ್, ಹಗಲಿಗೆ ಅಟೆಂಡರ್ ಇರಲಿ. ಆದರೆ ಹಾಗೆ ಮಾಡೋದಾದರೆ ಹಗಲು ಮನೆಯಲ್ಲಿರೋ ಇಬ್ಬರು ಡಿಸ್ಚಾರ್ಜ್‌ಗೆ ಮೊದಲು ವಾರ್ಡಿನಲ್ಲೇ ಸಕ್ಷನ್ ಕಲಿತಿರಲೇಬೇಕು.

ಉತ್ತರ (ಪುನಶ್ಚೇತನ ವೈದ್ಯ): ಸಿ-5 ಅಂದಿದ್ದೀರಿ, ಹಾಗಾಗಿ ಒಂದು ಪ್ರಶ್ನೆ ಸೇರಿಸ್ತೀನಿ. ಎದೆಯ ಟಿ-6 ಮಟ್ಟಕ್ಕಿಂತ ಮೇಲೆ ಪೆಟ್ಟಾದವರಿಗೆ ಮೂತ್ರ ಕಟ್ಟಿದರೆ, ಮಲ ಗಟ್ಟಿಯಾದರೆ, ಕೆಲವೊಮ್ಮೆ ಬಟ್ಟೆಯ ಮಡಿಕೆ ಒತ್ತಿದರೂ ಬಿಪಿ ಏಕಾಏಕಿ ಏರುತ್ತೆ. ಇದಕ್ಕೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅಂತಾರೆ. ತಲೆ ಸಿಡಿಯುತ್ತೆ, ಮುಖ ಕೆಂಪಾಗಿ ಬೆವರುತ್ತೆ. ಇಂಥವರ ಮಾಮೂಲಿ ಮೇಲಿನ ಬಿಪಿಯೇ 90ರಿಂದ 110 ಇರುತ್ತೆ, ಆದ್ದರಿಂದ 140 ಬಂದರೂ ಇವರಿಗೆ ಅದು ಅಪಾಯ. "ಸ್ವಲ್ಪ ಜಾಸ್ತಿ, ಪರವಾಗಿಲ್ಲ" ಅನ್ನೋ ನರ್ಸ್‌ಗೆ ಈ ಕಾಯಿಲೆ ಗೊತ್ತಿಲ್ಲ ಅಂತಲೇ ಅರ್ಥ.

ಆಗ ಮಾಡಬೇಕಾದ್ದು: ಮೊದಲು ಎಬ್ಬಿಸಿ ಕೂರಿಸಿ ಕಾಲು ಇಳಿಬಿಡಿ. ಮಲಗಿಸಿದರೆ ಬಿಪಿ ಇನ್ನೂ ಏರುತ್ತೆ. ಬಟ್ಟೆ, ಬೆಲ್ಟ್ ಸಡಿಲಿಸಿ. ಕ್ಯಾಥೆಟರ್ ನಳಿಗೆ ತೊಡೆಯ ಕೆಳಗೆ ಸಿಕ್ಕಿದೆಯಾ, ಮಡಚಿದೆಯಾ, ಬ್ಯಾಗ್ ತುಂಬಿದೆಯಾ ನೋಡಿ. ಹೆಚ್ಚಿನ ಸಲ ಕಾರಣ ಅಲ್ಲೇ ಸಿಗುತ್ತೆ. 2ರಿಂದ 5 ನಿಮಿಷಕ್ಕೊಮ್ಮೆ ಬಿಪಿ ನೋಡ್ತಿರಿ, ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ. ಕೊಡಬೇಕಾದ ಮಾತ್ರೆ ಯಾವುದು ಅಂತ ಡಿಸ್ಚಾರ್ಜ್ ಚೀಟಿಯಲ್ಲೇ ನಿಮ್ಮ ವೈದ್ಯರ ಕೈಲಿ ಬರೆಸಿಟ್ಟುಕೊಳ್ಳಿ.

ಮರುಪ್ರಶ್ನೆ: ಕರೆಂಟ್ ಹೋದರೆ? ನರ್ಸ್ ಹೇಳದೆ ಕೇಳದೆ ರಜೆ ಹಾಕಿದರೆ?

ಉತ್ತರ (ಸೂಪರ್‌ವೈಸರ್): ಸಕ್ಷನ್ ಮಷೀನ್ ಬ್ಯಾಟರಿ ಇರುವಂಥದ್ದೇ ಬೇಕು, ಜೊತೆಗೆ ಕಾಲಲ್ಲಿ ತುಳಿಯೋದು ಒಂದು. ಏಜೆನ್ಸಿ ಬಾಡಿಗೆಗೆ ಕೊಟ್ಟ ಮಷೀನ್ ಮನೆಗೆ ಬಂದ ದಿನವೇ ಪ್ಲಗ್ ಕಿತ್ತು, ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತೆ ಅಂತ ಗಡಿಯಾರ ಹಿಡಿದು ನೋಡಿ. ಆಕ್ಸಿಜನ್ ಬರೆದಿದ್ದರೆ ಬಿ-ಟೈಪ್ ಸಿಲಿಂಡರ್ ಇಡಿ. ತುಂಬಿದ್ದರಲ್ಲಿ ಸುಮಾರು 1500 ಲೀಟರ್ ಇರುತ್ತೆ, ನಿಮಿಷಕ್ಕೆ 2 ಲೀಟರ್ ಲೆಕ್ಕದಲ್ಲಿ ಹನ್ನೆರಡು ಗಂಟೆ ದಾಟುತ್ತೆ.

ರಜೆ ವಿಷಯಕ್ಕೇ ಹೆಚ್ಚು ಜಗಳ ಆಗೋದು. ಕರಾರಿನಲ್ಲಿ "ಬದಲಿ ಕಳಿಸಲಾಗುವುದು" ಅಂತಷ್ಟೇ ಇದ್ದರೆ ಸಹಿ ಹಾಕಬೇಡಿ. ಎಷ್ಟು ಗಂಟೆಯೊಳಗೆ, ಯಾವ ಅರ್ಹತೆಯವರು, ಬರದಿದ್ದ ದಿನದ ದುಡ್ಡು ಕಡಿತವೇ, ಎಲ್ಲ ಬರೆಸಿ. ಮೈಸೂರಿನಲ್ಲೇ ಅವರ ಹತ್ತಿರ ಟ್ರಾಕಿ ನೋಡಿಕೊಳ್ಳೋ ನರ್ಸ್ ಎಷ್ಟು ಜನ ಇದ್ದಾರೆ ಕೇಳಿ. ಬೆಂಗಳೂರಿಂದ ಕಳಿಸ್ತೀವಿ ಅಂದರೆ ಬಸ್ ಹತ್ತಿ ಬರೋಷ್ಟು ಹೊತ್ತು ನೀವೇ ಸಕ್ಷನ್ ಹಾಕಬೇಕಾಗುತ್ತೆ. ಬದಲಿಗೆ ಬರೋ ಆ ಮೂರನೇ ನರ್ಸನ್ನೂ ಡಿಸ್ಚಾರ್ಜ್‌ಗೆ ಮುಂಚೆ ಒಂದು ದಿನ ಆಸ್ಪತ್ರೆಗೆ ಕರೆಸಿ, ಅಣ್ಣನನ್ನು ತೋರಿಸಿ. ಅವರು ಮನೆಗೆ ಬಂದ ಮೊದಲ ರಾತ್ರಿ ನಿಮ್ಮಲ್ಲೊಬ್ಬರು ಅದೇ ಕೋಣೆಯಲ್ಲಿ ಮಲಗಿ.